ಕೈಕಾಲು, ಕಿವಿ, ಕಣ್ಣಿನ ಬೇನೆ: ಯಾದಗಿರಿ ಸೀಮೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರೋಗನಿರ್ಣಯ

ಮೂಳೆ, ಕೀಲು, ಸ್ನಾಯುಗಳ ನೋವು, ಕಿವಿ ಸೋರುವುದು, ಕಣ್ಣು ಕೆಂಪಾಗುವುದು ಅಥವಾ ಮಂಜಾಗುವುದು ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿ ವಿಭಾಗಕ್ಕೆ ದಿನವೂ ಬರುವ ಬೇನೆಗಳು. ಇವುಗಳಲ್ಲಿ ಹೆಚ್ಚಿನವು ಜೀವ ತೆಗೆಯುವಂಥವಲ್ಲ. ಆದರೆ ಕೂಲಿಯನ್ನು, ಶಾಲೆಯನ್ನು, ತಿರುಗಾಟವನ್ನು ತಪ್ಪಿಸುವಂಥವು. ನಡುವೆ ಅಲ್ಲೊಂದು ಇಲ್ಲೊಂದು ಅದೇ ದಿನ ಗುರುತಿಸದಿದ್ದರೆ ಕಾಲನ್ನೋ ಕಣ್ಣನ್ನೋ ಶಾಶ್ವತವಾಗಿ ಕಳೆಯುವ ಕಾಯಿಲೆಯೂ ಇರುತ್ತದೆ. ತಾನಾಗಿ ವಾಸಿಯಾಗುವ ನೂರರ ನಡುವಿನಿಂದ ತಡಮಾಡಬಾರದ ಆ ಒಂದನ್ನು ಬೇರ್ಪಡಿಸುವುದು ಪ್ರಾಥಮಿಕ ಆರೈಕೆಯ ಮುಖ್ಯ ಕೆಲಸ. ಯಾದಗಿರಿ, ಶಹಾಪುರ, ಸುರಪುರ ಭಾಗದಲ್ಲಿ ಈ ಕೆಲಸಕ್ಕೆ ವೈದ್ಯಗ್ರಂಥದ ಕ್ರಮವೊಂದೇ ಸಾಲದು. ಇಲ್ಲಿನ ನೀರು, ಬೆಳೆ, ಕುರಿ ಸಾಕಣೆ, ಗುಳೆ ಇವುಗಳನ್ನು ತಿಳಿಯದೆ ಮಾಡಿದ ನಿರ್ಣಯ ಅರ್ಧಕ್ಕೇ ನಿಲ್ಲುತ್ತದೆ.

ಸೀಮೆ ಮತ್ತು ಆರೋಗ್ಯ ವ್ಯವಸ್ಥೆ

ಭೀಮಾ ಮತ್ತು ಕೃಷ್ಣಾ ನದಿಗಳ ಸೀಮೆಯಾದ ಯಾದಗಿರಿ ಜಿಲ್ಲೆ 2009–10ರಲ್ಲಿ ಗುಲಬರ್ಗಾ (ಈಗಿನ ಕಲಬುರಗಿ) ಜಿಲ್ಲೆಯಿಂದ ಬೇರೆಯಾಯಿತು. ಆಗ ಇದ್ದವು ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರೇ ತಾಲ್ಲೂಕುಗಳು. ಗುರುಮಠಕಲ್, ವಡಗೇರಾ, ಹುಣಸಗಿ ತಾಲ್ಲೂಕುಗಳು ಆಮೇಲಿನವು. 2011ರ ಜನಗಣತಿಯಂತೆ ಜನಸಂಖ್ಯೆ 11,74,271. ಸಾಕ್ಷರತೆ ಶೇ 52ರಷ್ಟು, ರಾಜ್ಯದಲ್ಲಿಯೇ ಕಡಿಮೆ. 2018ರಲ್ಲಿ ಕೇಂದ್ರ ಸರ್ಕಾರ ಗುರುತಿಸಿದ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಸೇರಿದ್ದು ರಾಯಚೂರು ಮತ್ತು ಯಾದಗಿರಿ.

ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆ ಸುರಪುರ, ಶಹಾಪುರದ ಬಯಲಿಗೆ ನೀರು ತಂದ ಮೇಲೆ ಭತ್ತ, ಹತ್ತಿ, ಮೆಣಸಿನಕಾಯಿ ಹೆಚ್ಚಿದವು. ಕಾಲುವೆ ಮುಟ್ಟದ ಊರುಗಳಲ್ಲಿ ಇಂದಿಗೂ ತೊಗರಿ, ಜೋಳ, ಶೇಂಗಾ. ಕೆಲಸ ಸಿಗದ ತಿಂಗಳುಗಳಲ್ಲಿ ತಾಂಡಾಗಳಿಂದ, ಹಳ್ಳಿಗಳಿಂದ ಜನ ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದ್‌ಗಳ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ. ಈ ಲೇಖನದಲ್ಲಿ ಬರುವ ಬಹುಪಾಲು ಕಾಯಿಲೆಗಳ ಬೇರು ಈ ಮೂರು ವಾಕ್ಯಗಳಲ್ಲಿ ಎಲ್ಲೋ ಒಂದು ಕಡೆ ಇದೆ.

ಬಯಲು ಸೀಮೆಯ ಲೆಕ್ಕದಲ್ಲಿ 5,000 ಜನಕ್ಕೊಂದು ಉಪಕೇಂದ್ರ, 30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕು. ಉಪಕೇಂದ್ರಗಳು ಈಗ ಆಯುಷ್ಮಾನ್ ಆರೋಗ್ಯ ಮಂದಿರಗಳಾಗಿ, ಸಮುದಾಯ ಆರೋಗ್ಯ ಅಧಿಕಾರಿಗಳನ್ನು ಪಡೆದಿವೆ. ಅಲ್ಲಿ ಕೊಡಬೇಕಾದ ಸೇವೆಗಳ ಪಟ್ಟಿಯಲ್ಲಿ ಕಣ್ಣು, ಕಿವಿ, ಮೂಗು, ಗಂಟಲಿನ ಆರೈಕೆ ಸ್ಪಷ್ಟವಾಗಿ ಸೇರಿದೆ. ಎಕ್ಸ್‌ರೇ, ತಜ್ಞರು ಬೇಕೆಂದರೆ ತಾಲ್ಲೂಕು ಆಸ್ಪತ್ರೆಗೋ ಜಿಲ್ಲಾ ಆಸ್ಪತ್ರೆಗೋ ಹೋಗಬೇಕು. ಯಾದಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2022–23ರಲ್ಲಿ ಆರಂಭವಾಗುವವರೆಗೆ ಜಿಲ್ಲೆಯಲ್ಲಿ ವೈದ್ಯಕೀಯ ಕಾಲೇಜೇ ಇರಲಿಲ್ಲ. ರಾಯಚೂರು, ಕಲಬುರಗಿ ದಾರಿಯೇ ಗತಿಯಾಗಿತ್ತು. ಹುಣಸಗಿ ಕಡೆಯ ಹಳ್ಳಿಯಿಂದ ಕಲಬುರಗಿಗೆ ಹೋಗಿ ಬರುವುದೆಂದರೆ ರೋಗಿಯದೊಂದು, ಜೊತೆಗೆ ಬಂದವರದೊಂದು, ಎರಡು ಕೂಲಿ ಹೋದಂತೆ. ಸುಮ್ಮನೆ ಕಳಿಸಿದರೆ ಆ ಮನೆ ಮುಂದಿನ ಸಲ ಆಸ್ಪತ್ರೆಯ ಮಾತನ್ನು ನಂಬುವುದಿಲ್ಲ. ಕಳಿಸಬೇಕಾದಾಗ ಕಳಿಸದಿದ್ದರೆ ಕಣ್ಣೋ ಕಾಲೋ ಹೋಗುತ್ತದೆ.

ಕೇಳುವ ಕ್ರಮ

"ಟೊಂಕ ಭಾಳ ನೋಯ್ತದರಿ", "ಮೊಳಕಾಲು ಹಿಡದಾವ್ರಿ", "ಕಿವಿ ಸೋರ್ಲಿಕತ್ತದ", "ಕಣ್ಣು ಮಂಜ ಆಗ್ಯಾವ". ರೋಗಿ ಹೇಳುವುದು ಇಷ್ಟೆ. ಮುಂದಿನದನ್ನು ಕೇಳಿ ತೆಗೆಯಬೇಕು. ಎಷ್ಟು ದಿನದಿಂದ, ಹೇಗೆ ಶುರುವಾಯಿತು, ಜ್ವರ ಉಂಟೆ, ತೂಕ ಇಳಿದಿದೆಯೆ ಎಂಬ ಪ್ರಶ್ನೆಗಳು ಎಲ್ಲ ಊರಿಗೂ ಒಂದೇ. ಇಲ್ಲಿ ಇನ್ನೂ ನಾಲ್ಕನ್ನು ಕೇಳಲೇಬೇಕು: ಕುಡಿಯುವ ನೀರು ಬೋರಿನದೋ ನಲ್ಲಿಯದೋ, ಈ ಸುಗ್ಗಿಯಲ್ಲಿ ಏನು ಕೆಲಸ ಮಾಡಿದಿರಿ, ಮನೆಯಲ್ಲಿ ಕುರಿ ಮೇಕೆ ಇವೆಯೆ, ಇಲ್ಲಿಗೆ ಬರುವ ಮೊದಲು ಯಾವ ಗುಳಿಗೆ, ಯಾವ ಇಂಜೆಕ್ಷನ್ ಆಗಿದೆ. ಕೊನೆಯ ಪ್ರಶ್ನೆಗೆ ಉತ್ತರ ಸುಲಭಕ್ಕೆ ಬರುವುದಿಲ್ಲ. ಊರಿನಲ್ಲಿ ಸೂಜಿ ಹಾಕುವವರ ಹೆಸರು ಹೇಳಲು ಜನ ಹಿಂಜರಿಯುತ್ತಾರೆ. ಬೈಯುವುದಿಲ್ಲ ಎಂಬ ಭರವಸೆ ಸಿಕ್ಕಾಗ ಮಾತ್ರ ಸೀರೆಯ ಸೆರಗಿನ ಗಂಟಿನಿಂದ ಗುಳಿಗೆಯ ಪೊಟ್ಟಣ ಹೊರಬರುತ್ತದೆ. ಅದರಲ್ಲಿ ಡೈಕ್ಲೋಫೆನಾಕ್ ಇರಬಹುದು, ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಇರಬಹುದು. ಸ್ಟೀರಾಯ್ಡ್ ನೋವನ್ನು ಇಳಿಸುತ್ತದೆ, ಜೊತೆಗೆ ಕಾಯಿಲೆಯ ಗುರುತನ್ನೂ ಅಳಿಸುತ್ತದೆ. ದೀರ್ಘಕಾಲ ನುಂಗಿದವರಲ್ಲಿ ತೊಡೆಮೂಳೆಯ ತಲೆಗೆ ರಕ್ತ ಹರಿಯದೆ ಅದು ಸಾಯುವುದುಂಟು. ಮಧ್ಯವಯಸ್ಸಿನವರು ತೊಡೆಸಂದಿನ ನೋವಿನಿಂದ ಕುಂಟುತ್ತ ಬಂದರೆ ಈ ಇತಿಹಾಸ ಕೇಳದೆ ಬಿಡಬಾರದು.

ಬೆನ್ನು, ಕೀಲು, ಮೂಳೆ

ಬೆನ್ನುನೋವಿನ ಹತ್ತು ಜನರಲ್ಲಿ ಒಂಬತ್ತು ಜನರಿಗೆ ಗುರುತಿಸಬಹುದಾದ ಒಂದು ನಿರ್ದಿಷ್ಟ ಕಾಯಿಲೆ ಇರುವುದಿಲ್ಲ. ಸ್ನಾಯು, ಕಟ್ಟುಗಳ ದಣಿವಿನ ನೋವು ಅದು. ಹೆಚ್ಚಿನವರಲ್ಲಿ ಆರು ವಾರಗಳಲ್ಲಿ ತಗ್ಗುತ್ತದೆ. ಕೆಸರಿನಲ್ಲಿ ದಿನವಿಡೀ ಬಾಗಿ ಭತ್ತದ ಸಸಿ ಹಚ್ಚುವ ಹೆಣ್ಣುಮಕ್ಕಳು, ಇಟ್ಟಿಗೆ ಸಿಮೆಂಟು ಹೊರುವ ಗುಳೆಯ ಕೂಲಿಗಳು, ಹತ್ತಿಯ ಅಂಡಿಗೆ ಎತ್ತುವ ಹಮಾಲರು ಈ ಗುಂಪಿನವರು. ಇವರಿಗೆ ಮೊದಲ ದಿನವೇ ಎಕ್ಸ್‌ರೇ ತೆಗೆಸುವುದರಿಂದ ಉಪಯೋಗವಿಲ್ಲ. ನಲವತ್ತು ದಾಟಿದವರ ಬೆನ್ನೆಲುಬಿನಲ್ಲಿ ಸವೆತ ಕಾಣುವುದು ಸಹಜ. ಅದನ್ನು ತೋರಿಸಿ "ಮಣಿ ಸವೆದಾವ" ಎಂದುಬಿಟ್ಟರೆ ರೋಗಿ ಜೀವನಪೂರ್ತಿ ಬಗ್ಗಲು ಹೆದರುತ್ತಾನೆ. ಹಾಸಿಗೆ ಹಿಡಿಯದೆ ಓಡಾಡಬೇಕು, ಭಾರ ಎತ್ತುವಾಗ ಮೊಣಕಾಲು ಮಡಚಬೇಕು, ನೋವಿನ ಗುಳಿಗೆ ಕೆಲವೇ ದಿನ ಸಾಕು ಎಂಬ ಮಾತೇ ಇಲ್ಲಿ ಔಷಧಿ.

ಉಳಿದ ಒಬ್ಬರನ್ನು ಹುಡುಕುವುದು ಹೇಗೆ? ರೋಗಿಯನ್ನು ಅಂಗಾತ ಮಲಗಿಸಿ, ಮೊಣಕಾಲು ಬಗ್ಗದಂತೆ ಕಾಲನ್ನು ಮೆಲ್ಲಗೆ ಎತ್ತಿದಾಗ 30ರಿಂದ 70 ಡಿಗ್ರಿಯೊಳಗೆ ನೋವು ಮೊಣಕಾಲಿನ ಕೆಳಗೂ ಹರಿದರೆ ನರದ ಬೇರು ಒತ್ತಿದೆ ಎಂದು ತಿಳಿಯಬೇಕು. ಹೆಬ್ಬೆರಳನ್ನು ಮೇಲೆತ್ತುವ ಬಲ, ತುದಿಗಾಲಲ್ಲಿ ನಿಲ್ಲುವ ಬಲ ನೋಡಿದರೆ ಯಾವ ನರ ಎಂಬುದೂ ತಿಳಿಯುತ್ತದೆ. ಮೂತ್ರ ಕಟ್ಟಿದೆ, ಕೂರುವ ಜಾಗ ಜೋಮು ಹಿಡಿದಿದೆ, ಎರಡೂ ಕಾಲು ಸೋತಿವೆ ಎಂದರೆ ಬೆನ್ನುಹುರಿಯ ಬಾಲದ ನರಗಳು ಅದುಮಿಕೊಂಡಿವೆ. ಅದೇ ದಿನ ಶಸ್ತ್ರಚಿಕಿತ್ಸೆಯಿರುವ ಕಡೆಗೆ ಕಳಿಸಬೇಕು. ರಾತ್ರಿ ಬೆವರು, ತೂಕ ಇಳಿಕೆಯೊಂದಿಗೆ ಬೆನ್ನೆಲುಬಿನ ಒಂದೇ ಮಣಿಯ ಮೇಲೆ ಬೆರಳೂರಿದಾಗ ನೋವೆದ್ದರೆ ಅಥವಾ ಅಲ್ಲಿ ಚಿಕ್ಕ ಗೂನು ಕಂಡರೆ ಬೆನ್ನೆಲುಬಿನ ಕ್ಷಯವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಇವರಲ್ಲಿ ಅನೇಕರಿಗೆ ಕೆಮ್ಮೇ ಇರುವುದಿಲ್ಲ. ಕಫ ಪರೀಕ್ಷೆ ಸರಿಯಿದೆ ಎಂದು ಸಮಾಧಾನಪಡುವಂತಿಲ್ಲ.

ಇನ್ನೊಂದು ಕಾಯಿಲೆಯನ್ನು ಈ ಸೀಮೆಯಲ್ಲಿ ಮರೆಯಲೇಬಾರದು. ಕುರಿಗಾರರಿಗೆ, ಮೇಕೆ ಸಾಕುವವರಿಗೆ ವಾರಗಟ್ಟಲೆ ಬಂದುಹೋಗುವ ಜ್ವರ, ಬೆವರು, ಸೊಂಟದ ಹಿಂಭಾಗದ ನೋವು ಇದ್ದರೆ ಅದು ಬ್ರುಸೆಲ್ಲೋಸಿಸ್ ಆಗಿರಬಹುದು. ಕಂದು ಹಾಕಿದ ಕುರಿಯ ಮಾಸನ್ನು ಬರಿಗೈಯಲ್ಲಿ ತೆಗೆಯುವುದರಿಂದ, ಹಸಿ ಹಾಲು ಕುಡಿಯುವುದರಿಂದ ಇದು ತಗಲುತ್ತದೆ. ರಕ್ತಪರೀಕ್ಷೆಯಿಂದ ಗೊತ್ತಾಗುತ್ತದೆ. ಆರು ವಾರ ಎರಡು ಔಷಧಿ ಬಿಡದೆ ತೆಗೆದುಕೊಂಡರೆ ವಾಸಿಯಾಗುತ್ತದೆ. "ಈಚೆಗೆ ನಿಮ್ಮ ಹಿಂಡಿನಾಗ ಎಷ್ಟು ಕುರಿ ಕಂದು ಹಾಕ್ಯಾವ?" ಎಂಬ ಒಂದು ಪ್ರಶ್ನೆ ದುಬಾರಿ ಸ್ಕ್ಯಾನಿಗಿಂತ ಹೆಚ್ಚು ಹೇಳಬಲ್ಲದು.

ನೀರಿನ ವಿಷಯಕ್ಕೆ ಬರೋಣ. ಯಾದಗಿರಿ, ಶಹಾಪುರ, ಸುರಪುರ ಭಾಗದ ಅನೇಕ ಹಳ್ಳಿಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಮಿತಿಗಿಂತ ಹೆಚ್ಚಾಗಿದೆ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಸಹಿಸಬಹುದು. ಹೆಚ್ಚಿನ ಫ್ಲೋರೈಡ್ ವರ್ಷಗಟ್ಟಲೆ ಒಳಹೋದರೆ ಮೂಳೆ ದಟ್ಟವಾಗಿ, ಕಟ್ಟುಗಳು ಸುಣ್ಣಗಟ್ಟಿ, ಕುತ್ತಿಗೆ ಬೆನ್ನು ಮರದಂತೆ ಬಿಗಿಯುತ್ತವೆ. ಇದೇ ಫ್ಲೋರೋಸಿಸ್. ಆರಂಭದಲ್ಲಿ ಇದು ಸಾಮಾನ್ಯ ಕೀಲುನೋವಿನಂತೆಯೇ ಕಾಣುತ್ತದೆ, ಹಾಗಾಗಿಯೇ ತಪ್ಪಿಹೋಗುತ್ತದೆ. ಕೊಠಡಿಯಲ್ಲೇ ಮಾಡಬಹುದಾದ ಮೂರು ಪರೀಕ್ಷೆಗಳಿವೆ. ಮೊಣಕಾಲು ಬಗ್ಗಿಸದೆ ಬಾಗಿ ಕಾಲ್ಬೆರಳು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಎರಡೂ ಕೈಗಳನ್ನು ತಲೆಯ ಹಿಂದೆ ಹೆಣೆಯುವುದು. ಮೂರೂ ಆಗದವರ ನೀರಿನ ಮೂಲ ಕೇಳಬೇಕು, ಆ ನೀರಿನ ಪರೀಕ್ಷೆ ಮಾಡಿಸಬೇಕು. ಮುಂಗೈಯ ಎಕ್ಸ್‌ರೇಯಲ್ಲಿ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿದ್ದು ಕಂಡರೆ ನಿರ್ಣಯ ಗಟ್ಟಿ. ಹಲ್ಲಿನ ಮೇಲಿನ ಹಳದಿ ಕಂದು ಪಟ್ಟೆ ಸಹಾಯಕ್ಕೆ ಬರುತ್ತದೆ. ಆದರೆ ಅದು ಹಲ್ಲು ಬೆಳೆಯುವ ವಯಸ್ಸಿನಲ್ಲಿ ಆ ನೀರು ಕುಡಿದವರಿಗಷ್ಟೇ ಬರುವುದು. ಬೇರೆ ಊರಿನಿಂದ ಸೊಸೆಯಾಗಿ ಬಂದವಳ ಹಲ್ಲು ಬೆಳ್ಳಗಿದ್ದು ಬೆನ್ನು ಬಿಗಿದಿರಬಹುದು. ಫ್ಲೋರೋಸಿಸ್ ತಡೆಯ ರಾಷ್ಟ್ರೀಯ ಕಾರ್ಯಕ್ರಮ 2008–09ರಿಂದ ಇದೆ. ಬಿಗಿದ ಮೂಳೆಯನ್ನು ಸಡಿಲಿಸುವ ಗುಳಿಗೆ ಮಾತ್ರ ಇಲ್ಲ. ನೀರು ಬದಲಾಯಿಸುವುದೇ ಚಿಕಿತ್ಸೆ. ಹೀಗಾಗಿ ಒಬ್ಬರಲ್ಲಿ ಫ್ಲೋರೋಸಿಸ್ ಗುರುತಿಸಿದ ವೈದ್ಯರು ಗ್ರಾಮ ಪಂಚಾಯಿತಿಗೆ ಪತ್ರ ಬರೆಯದೆ ಅಲ್ಲಿಗೇ ನಿಂತರೆ ಕೆಲಸ ಮುಗಿದಂತಲ್ಲ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಕಂಡುಬಂದದ್ದೂ ಜನರ ಚರ್ಮದ ಮೇಲಿನ ಗುರುತುಗಳ ಜಾಡು ನೀರಿನವರೆಗೆ ಹೋದದ್ದರಿಂದಲೇ ದೊಡ್ಡ ಸುದ್ದಿಯಾಯಿತು.

ಒಂದು ಕಾಲಕ್ಕೆ ಈ ಭಾಗದ ಮೆಟ್ಟಿಲು ಬಾವಿಗಳ ನೀರು ಇನ್ನೊಂದು ಬೇನೆ ಹಂಚುತ್ತಿತ್ತು. ಅದು ನಾರುಹುಣ್ಣು. ಕಾಲಿನಿಂದ ಹೊರಬರುವ ಉದ್ದನೆಯ ಹುಳು ಮೊಣಕಾಲು, ಪಾದದ ಕೀಲುಗಳನ್ನು ಬಾಯಿಸಿ ಹಿಡಿದಿಡುತ್ತಿತ್ತು. ದೇಶದ ಕೊನೆಯ ರೋಗಿ ವರದಿಯಾದದ್ದು 1996ರಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಮುಕ್ತವೆಂದು ಸಾರಿತು. ಹಿರಿಯರ ಕಾಲಿನ ಎಕ್ಸ್‌ರೇಯಲ್ಲಿ ಸುಣ್ಣಗಟ್ಟಿದ ದಾರದಂಥ ಗೆರೆ ಕಂಡರೆ ಯುವ ವೈದ್ಯರು ಗಾಬರಿಪಡಬೇಕಿಲ್ಲ. ಸತ್ತ ಹಳೆಯ ಹುಳು ಅಲ್ಲಿ ಉಳಿದಿರಬಹುದು.

ಮೊಣಕಾಲಿನ ಸವೆತಕ್ಕೆ ಯಂತ್ರದ ಸಾಕ್ಷಿ ಬೇಕಾಗಿಲ್ಲ. ವಯಸ್ಸು 45 ದಾಟಿದೆ, ನಡೆದಾಗ ನೋವು ಹೆಚ್ಚುತ್ತದೆ, ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಬಿಡುತ್ತದೆ ಎಂದರೆ ಸಾಕು. ತೊಡೆಯ ಮುಂಭಾಗದ ಸ್ನಾಯು ಬಲಪಡಿಸುವ ವ್ಯಾಯಾಮವನ್ನು ಅಲ್ಲೇ ಬೆಂಚಿನ ಮೇಲೆ ಕೂರಿಸಿ ಮಾಡಿಸಿ ತೋರಿಸಬೇಕು, ಹೇಳಿದರೆ ಸಾಲದು. ಇದಕ್ಕೆ ವ್ಯತಿರಿಕ್ತವಾಗಿ ಬೆಳಗಿನ ಬಿಗಿತ ಒಂದು ಗಂಟೆಯಷ್ಟಿದ್ದು, ಎರಡೂ ಕೈಗಳ ಬೆರಳಿನ ಬುಡದ ಕೀಲುಗಳು ಬಾತು, ಅಂಗೈಯನ್ನು ಅಡ್ಡಕ್ಕೆ ಅದುಮಿದಾಗ ರೋಗಿ ಚೀರಿದರೆ ರುಮಟಾಯ್ಡ್ ಸಂಧಿವಾತವೆಂದು ಶಂಕಿಸಬೇಕು. ಇದರಲ್ಲಿ ಮೊದಲ ಕೆಲವು ತಿಂಗಳು ಬೆಲೆಬಾಳುವಂಥವು. ಬೇಗ ಔಷಧಿ ಶುರುವಾದರೆ ಬೆರಳು ಸೊಟ್ಟಗಾಗುವುದಿಲ್ಲ. ಊರಿನ ಸ್ಟೀರಾಯ್ಡ್ ಗುಳಿಗೆಯಲ್ಲಿ ಕಳೆದುಹೋಗುವುದು ಇದೇ ತಿಂಗಳುಗಳು.

ಮಳೆಗಾಲದ ನಂತರ ಇಡೀ ಓಣಿಗೆ ಜ್ವರ ಬಂದು ಕೈಕಾಲು ಕೀಲು ಹಿಡಿದರೆ ಚಿಕುನ್‌ಗುನ್ಯಾ. 2005ರ ಕೊನೆ ಮತ್ತು 2006ರಲ್ಲಿ ಕರ್ನಾಟಕ ದೇಶದಲ್ಲೇ ಹೆಚ್ಚು ನರಳಿದ ರಾಜ್ಯಗಳಲ್ಲಿ ಒಂದಾಗಿತ್ತು. ಜ್ವರ ವಾರದಲ್ಲಿ ಹೋದರೂ ಮಣಿಕಟ್ಟು, ಪಾದದ ಕೀಲಿನ ನೋವು ತಿಂಗಳುಗಟ್ಟಲೆ ಉಳಿಯಬಹುದು. ಶಾಲೆಯ ಮಗುವಿಗೆ ಗಂಟಲು ನೋವಾಗಿ ಎರಡು ಮೂರು ವಾರದ ಮೇಲೆ ಒಂದು ದೊಡ್ಡ ಕೀಲಿನಿಂದ ಇನ್ನೊಂದಕ್ಕೆ ನೋವು ಹಾರಿದರೆ ಎದೆಗೆ ಸ್ಟೆತಾಸ್ಕೋಪ್ ಇಡಬೇಕು. ರುಮ್ಯಾಟಿಕ್ ಜ್ವರ ಕೀಲನ್ನು ಬಿಟ್ಟರೂ ಹೃದಯದ ಕವಾಟವನ್ನು ಬಿಡದು. ಜ್ವರದೊಂದಿಗೆ ಒಂದೇ ಕೀಲು ಬಾತು, ಮಗು ಕಾಲೂರಲು ಒಪ್ಪದಿದ್ದರೆ ಕೀಲಿನಲ್ಲಿ ಕೀವು ಇದೆಯೆಂದೇ ತಿಳಿದು ಅದೇ ದಿನ ಕಳಿಸಬೇಕು. ಮೊಣಕಾಲು ತೋರಿಸುವ ಮಗುವಿನ ತೊಡೆಸಂದಿನ ಕೀಲನ್ನೂ ತಿರುಗಿಸಿ ನೋಡಬೇಕು, ಅಲ್ಲಿನ ನೋವು ಮೊಣಕಾಲಿನಲ್ಲಿ ಕಾಣಿಸಿಕೊಳ್ಳುತ್ತದೆ.

ಕೈ ಜೋಮು, ಪಾದ ಜೋಲುವುದು ಎಂದು ಬಂದವರ ಮೊಣಕೈಯ ಒಳಬದಿಯಲ್ಲೂ ಮೊಣಕಾಲಿನ ಹೊರಬದಿಯಲ್ಲೂ ನರ ದಪ್ಪವಾಗಿದೆಯೇ ಎಂದು ಮುಟ್ಟಿ ನೋಡುವುದನ್ನು ಹೊಸ ತಲೆಮಾರಿನ ವೈದ್ಯರು ಬಿಡುತ್ತಿದ್ದಾರೆ. ಕುಷ್ಠ ಇನ್ನೂ ಹೋಗಿಲ್ಲ. ಸ್ಪರ್ಶ ತಿಳಿಯದ ಮಚ್ಚೆಯೊಂದು ಬೆನ್ನ ಮೇಲೆ ಇದ್ದರೆ ಬಟ್ಟೆ ಸರಿಸಿ ನೋಡದೆ ಸಿಗುವುದಿಲ್ಲ.

ಪಾದ ಉಳುಕಿದವರಲ್ಲಿ ಯಾರಿಗೆ ಎಕ್ಸ್‌ರೇ ಬೇಕು ಎಂಬುದಕ್ಕೆ 1992ರಲ್ಲಿ ಕೆನಡಾದ ಒಟ್ಟಾವಾದಲ್ಲಿ ರೂಪಿಸಿದ ನಿಯಮ ನಮ್ಮ ಹಳ್ಳಿಗೇ ಹೆಚ್ಚು ಉಪಯುಕ್ತ. ನಾಲ್ಕು ಹೆಜ್ಜೆ ಇಡಲು ಬಾರದಿದ್ದರೆ ಅಥವಾ ಪಾದದ ಕೀಲಿನ ಎರಡು ಬದಿಯ ಎಲುಬಿನ ಗುಬುಟುಗಳ ಹಿಂಭಾಗ, ತುದಿ ಒತ್ತಿದಾಗ ನೋವಿದ್ದರೆ ಕಳಿಸಬೇಕು. ಇಲ್ಲದಿದ್ದರೆ ಶಹಾಪುರದವರೆಗಿನ ಬಸ್ ಚಾರ್ಜು ಉಳಿಯುತ್ತದೆ. ಎಲುಬು ಕೂಡಿಸುವವರ ಬಳಿ ಬಿದಿರಿನ ದಬ್ಬೆ ಬಿಗಿಸಿಕೊಂಡು ಬಂದವರಲ್ಲಿ ಬೆರಳು ಜೋಮು ಹಿಡಿದು, ಬೆರಳನ್ನು ಹಿಗ್ಗಿಸಿದರೆ ತಾಳಲಾರದ ನೋವಿದ್ದರೆ ಕಟ್ಟನ್ನು ಆ ಕ್ಷಣವೇ ಬಿಚ್ಚಬೇಕು. ಒಳಗಿನ ಬಾವಿನ ಒತ್ತಡಕ್ಕೆ ಕೆಲವೇ ಗಂಟೆಗಳಲ್ಲಿ ಸ್ನಾಯು ಸತ್ತುಹೋಗುತ್ತದೆ.

ಕಿವಿ

ಕಿವಿಯ ನಿರ್ಣಯ ಎಂದರೆ ಒಳಗೆ ನೋಡುವುದು. ಆಟೋಸ್ಕೋಪ್ ಇದ್ದೂ ಅದರ ಬ್ಯಾಟರಿ ಮುಗಿದಿರುವುದು ದೊಡ್ಡ ಕೊರತೆ. ದೊಡ್ಡವರ ಕಿವಿಯ ಹಾಲೆಯನ್ನು ಮೇಲೆ ಹಿಂದೆ, ಮಕ್ಕಳದನ್ನು ಕೆಳಗೆ ಹಿಂದೆ ಎಳೆದರೆ ದಾರಿ ನೇರವಾಗಿ ತಮಟೆ ಕಾಣುತ್ತದೆ. ತಮಟೆ ಕೆಂಪಾಗಿ ಉಬ್ಬಿದ್ದು ಜ್ವರವಿದ್ದರೆ ನಡುಗಿವಿಯ ಹೊಸ ಸೋಂಕು. ಹಾಲೆ ಎಳೆದಾಗ ನೋವಾದರೆ ಹೊರಗಿವಿಯ ಸೋಂಕು. ಕಾಲುವೆಯಲ್ಲಿ ಈಜುವ ಹುಡುಗರಲ್ಲಿ, ಬೆಂಕಿಕಡ್ಡಿ, ಪಿನ್ನಿನಿಂದ ಕಿವಿ ಕೆದಕುವವರಲ್ಲಿ ಇದು ಹೆಚ್ಚು.

ನೋವಿಲ್ಲದೆ ಎರಡು ವಾರಕ್ಕೂ ಮೀರಿ ಸೋರುವ ಕಿವಿಯದು ಹಳೆಯ ಸೋಂಕು. ಬಡ ಮನೆಗಳಲ್ಲಿ ಇದನ್ನು ರೋಗವೆಂದೇ ಎಣಿಸುವುದಿಲ್ಲ. "ಸಣ್ಣಾಗಿಂದ ಸೋರ್ತದರಿ" ಎನ್ನುತ್ತಾರೆ. ಮಗು ಹಿಂದಿನ ಬೆಂಚಿನಲ್ಲಿ ಕೂತು, ಪಾಠ ಕೇಳಿಸದೆ, ದಡ್ಡನೆನಿಸಿಕೊಂಡು ಶಾಲೆ ಬಿಡುತ್ತದೆ. ನಿರ್ಣಯದಲ್ಲಿ ಮುಖ್ಯವಾದದ್ದು ತೂತು ಎಲ್ಲಿದೆ ಎಂಬುದು. ತಮಟೆಯ ನಡುವೆ ಇದ್ದು ನೀರಾದ ಕೀವು ಬರುತ್ತಿದ್ದರೆ ಸ್ವಚ್ಛ ಹತ್ತಿಬಟ್ಟೆಯ ಬತ್ತಿಯಿಂದ ದಿನಕ್ಕೆ ಮೂರು ಸಲ ಒಣಗಿಸಿ, ಸಿಪ್ರೋಫ್ಲಾಕ್ಸಾಸಿನ್ ಹನಿ ಹಾಕಿದರೆ ಬಹಳಷ್ಟು ಸಲ ಒಣಗುತ್ತದೆ. ತೂತಿರುವ ಕಿವಿಗೆ ಜೆಂಟಾಮೈಸಿನ್ ಹನಿ ಬೇಡ, ಅದು ಒಳಗಿವಿಯ ನರಕೋಶಗಳಿಗೆ ಹಾನಿ ಮಾಡಬಲ್ಲದು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯೂ ಬೇಡ. ತೂತು ತಮಟೆಯ ಮೇಲ್ತುದಿಯಲ್ಲೋ ಅಂಚಿನಲ್ಲೋ ಇದ್ದು, ಸ್ವಲ್ಪವೇ ಬರುವ ಕೀವು ಕೊಳೆತ ವಾಸನೆ ಹೊಡೆದರೆ ಅಲ್ಲಿ ಚರ್ಮದ ಗಂಟು ಎಲುಬನ್ನು ತಿನ್ನುತ್ತಿದೆ. ಕಿವಿಯ ಹಿಂದೆ ಬಾವು, ಬಾಯಿ ಸೊಟ್ಟಗಾಗುವುದು, ತಲೆಸುತ್ತು, ವಾಂತಿ ಯಾವುದು ಸೇರಿದರೂ ತಡ ಸಲ್ಲದು. ಆ ಗಂಟು ಇರುವ ಜಾಗ ಮಿದುಳಿಗೆ ಒಂದು ಗೋಡೆಯಷ್ಟೇ ದೂರ.

ಹೊಲದಲ್ಲಿ ಮಲಗಿದವರ ಕಿವಿಗೆ ಹುಳ ಹೊಕ್ಕರೆ ಮೊದಲು ಎಣ್ಣೆ ಬಿಟ್ಟು ಕೊಲ್ಲಬೇಕು, ಆಮೇಲೆ ತೆಗೆಯಬೇಕು. ಜೋಳ, ಕಡಲೆಯ ಕಾಳು ಸೇರಿದ್ದರೆ ನೀರು ಹೊಡೆಯಬಾರದು, ಕಾಳು ಉಬ್ಬುತ್ತದೆ. ಆಟಿಕೆಯ ಗುಂಡಿ ಸೆಲ್ ಆಗಿದ್ದರೆ ಗಂಟೆಗಳ ಲೆಕ್ಕ. ಗುಗ್ಗೆ ಮೆತ್ತಗೆ ಮಾಡಿ ಮೈಬಿಸಿಯ ನೀರಿನಿಂದ ತೊಳೆಯಬಹುದು, ತಮಟೆ ತೂತಾಗಿಲ್ಲವೆಂದು ಖಾತ್ರಿಯಿದ್ದರೆ ಮಾತ್ರ.

ಕಿವಿ ನೋಯುತ್ತದೆ, ಒಳಗೆ ಎಲ್ಲ ಸರಿಯಿದೆ ಎಂದಾಗ ಬಾಯಿ ತೆರೆಸಬೇಕು. ಹುಳುಕು ಹಲ್ಲು, ದವಡೆಯ ಕೀಲು, ಗಂಟಲಿನ ಗಡ್ಡೆ ಕಿವಿಯಲ್ಲಿ ನೋಯುತ್ತವೆ. ತಂಬಾಕು ಸುಣ್ಣ, ಗುಟ್ಕಾ ಹಾಕುವವರಲ್ಲಿ ನಾಲಿಗೆಯ ಬುಡದ, ಕೆನ್ನೆಯ ಒಳಗಿನ ಮಾಯದ ಹುಣ್ಣು ಮೊದಲು ಕಿವಿನೋವಾಗಿಯೇ ಬರಬಹುದು. ಈ ಒಂದು ಹೆಜ್ಜೆ ತಪ್ಪಿದರೆ ಕ್ಯಾನ್ಸರ್ ತಿಂಗಳುಗಟ್ಟಲೆ ಕಿವಿಹನಿಯ ಹಿಂದೆ ಅಡಗಿರುತ್ತದೆ.

ಕೇಳಿಸುವಿಕೆ ಅಳೆಯಲು 512 ಹರ್ಟ್ಸ್‌ನ ಕವಲುಕೋಲು (ಟ್ಯೂನಿಂಗ್ ಫೋರ್ಕ್) ಸಾಕು. ಅದನ್ನು ಮಿಡಿದು ಕಿವಿಯ ಹಿಂದಿನ ಎಲುಬಿಗೂ ಕಿವಿಯ ಮುಂದೆಯೂ ಹಿಡಿದು ಎಲ್ಲಿ ಜೋರು ಎಂದು ಕೇಳುವುದು ರಿನ್ನೆ ಪರೀಕ್ಷೆ. ಹಣೆಯ ನಡುವಿಗಿಟ್ಟು ಯಾವ ಕಡೆ ಕೇಳಿಸುತ್ತದೆ ಎನ್ನುವುದು ವೆಬರ್ ಪರೀಕ್ಷೆ. ಎರಡೂ ಸೇರಿ, ದೋಷ ದಾರಿಯಲ್ಲಿದೆಯೋ ನರದಲ್ಲಿದೆಯೋ ಹೇಳುತ್ತವೆ. ಮೂರು ದಿನದೊಳಗೆ ಒಂದು ಕಿವಿ ಇದ್ದಕ್ಕಿದ್ದಂತೆ ಮುಚ್ಚಿಕೊಂಡಿತು ಎಂದರೆ, ನೋಡದೆ ಗುಗ್ಗೆ ಎನ್ನಬಾರದು. ನರದ ಕಿವುಡಾಗಿದ್ದರೆ ಎರಡು ವಾರದೊಳಗಿನ ಸ್ಟೀರಾಯ್ಡ್ ಚಿಕಿತ್ಸೆಗೆ ಅರ್ಥವಿದೆ, ಆಮೇಲೆ ಕಡಿಮೆ. ಜಿನ್ನಿಂಗ್ ಮಿಲ್ಲುಗಳಲ್ಲಿ, ಕಲ್ಲಿನ ಕ್ರಷರ್‌ಗಳಲ್ಲಿ ದುಡಿಯುವವರ ಕಿವಿ ಮೆಲ್ಲಗೆ, ಎರಡೂ ಕಡೆ ಸಮನಾಗಿ ಮಂದವಾಗುತ್ತದೆ.

ಹುಟ್ಟುಗಿವುಡು ಇಲ್ಲಿ ದೊಡ್ಡ ದುಃಖ. ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಳ್ಳುವ ಸಂಬಂಧಗಳು ಉತ್ತರ ಕರ್ನಾಟಕದಲ್ಲಿ ಸಾಮಾನ್ಯ. ರಕ್ತಸಂಬಂಧದ ಮದುವೆಯಲ್ಲಿ ಅನುವಂಶೀಯ ಕಿವುಡಿನ ಸಾಧ್ಯತೆ ಹೆಚ್ಚು. ಮಗು ಒಂದು ತಿಂಗಳಾಗುವುದರೊಳಗೆ ತಪಾಸಣೆ, ಮೂರರೊಳಗೆ ನಿರ್ಣಯ, ಆರರೊಳಗೆ ಶ್ರವಣ ಸಾಧನ ಎಂಬುದು ಜಗತ್ತಿನೆಲ್ಲೆಡೆ ಒಪ್ಪಿದ ಗುರಿ. ತಾಯಿ "ಕೂಸು ಸಪ್ಪಳಕ್ಕ ಹೊಳ್ಳಿ ನೋಡಂಗಿಲ್ಲ" ಎಂದರೆ ಅದನ್ನೇ ಪರೀಕ್ಷೆಯ ಫಲವೆಂದು ಎಣಿಸಿ ಮುಂದೆ ಕಳಿಸಬೇಕು. "ತಡವಾಗಿ ಮಾತಾಡ್ತಾನ ಬಿಡು" ಎಂಬ ಹಿರಿಯರ ಸಮಾಧಾನದಲ್ಲಿ ಎರಡು ವರ್ಷ ಹೋಗುತ್ತವೆ. ಕಿವುಡು ತಡೆಯ ರಾಷ್ಟ್ರೀಯ ಕಾರ್ಯಕ್ರಮ 2007ರಿಂದ ಇದೆ. ರಾಜ್ಯದ ಶ್ರವಣ ಸಂಜೀವಿನಿ ಯೋಜನೆಯಲ್ಲಿ ಚಿಕ್ಕ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಉಚಿತ. ಆದರೆ ಅದಕ್ಕೆ ವಯಸ್ಸಿನ ಮಿತಿಯಿದೆ, ಮಾತು ಕಲಿಯುವ ಮಿದುಳು ಕಾಯುವುದಿಲ್ಲ.

ಕಣ್ಣು

ಕಣ್ಣಿನ ಯಾವ ತೊಂದರೆಗೂ ಮೊದಲ ಕೆಲಸ ದೃಷ್ಟಿ ಅಳೆಯುವುದು. ಒಂದೊಂದೇ ಕಣ್ಣು, 6 ಮೀಟರ್ ದೂರ, ಗೋಡೆಗೆ ಚಾರ್ಟು. ಅರ್ಧದಷ್ಟು ಜನ ಓದು ಬಾರದ ಕಡೆ ಅಕ್ಷರದ ಚಾರ್ಟು ತೂಗುಹಾಕುವುದಕ್ಕೆ ಅರ್ಥವಿಲ್ಲ. ಮೂರು ಕಾಲಿನ ಇ ಗುರುತಿನ ಚಾರ್ಟು ಬೇಕು. ಕಾಲು ಯಾವ ಕಡೆಗಿವೆ ಎಂದು ಕೈಯಲ್ಲಿ ತೋರಿಸಿದರೆ ಸಾಕು. ಸೂಜಿ ತೂತಿನ ರಟ್ಟಿನ ಮೂಲಕ ನೋಡಿದಾಗ ದೃಷ್ಟಿ ಸುಧಾರಿಸಿದರೆ ಕನ್ನಡಕದ ದೋಷ. ಸುಧಾರಿಸದಿದ್ದರೆ ಒಳಗಿನ ಕಾಯಿಲೆ.

ಕೆಂಪು ಕಣ್ಣಿನಲ್ಲಿ ಕೇಳಬೇಕಾದ್ದು ಮೂರು: ನೋವಿದೆಯೆ, ಬೆಳಕು ಚುಚ್ಚುತ್ತದೆಯೆ, ದೃಷ್ಟಿ ಇಳಿದಿದೆಯೆ. ಮೂರೂ ಇಲ್ಲದೆ ಪಿಸುರು, ತುರಿಕೆ, ನೀರು ಇದ್ದರೆ ಅದು ಕಣ್ಣುಬೇನೆ. 2023ರ ಮಳೆಗಾಲದಲ್ಲಿ ರಾಜ್ಯದಾದ್ಯಂತ ಹರಡಿದ್ದು ಇದೇ. ಹೆಚ್ಚಾಗಿ ವೈರಸ್ಸಿನಿಂದ ಬಂದು ಹತ್ತು ಹದಿನೈದು ದಿನಕ್ಕೆ ಹೋಗುತ್ತದೆ. ಮೂರರಲ್ಲಿ ಒಂದಿದ್ದರೂ ಕರಿಗುಡ್ಡೆ, ಪಾಪೆಗಳನ್ನು ಟಾರ್ಚಿನಲ್ಲಿ ನೋಡಲೇಬೇಕು. ಪಾಪೆ ಕಿರಿದಾಗಿ, ಕರಿಗುಡ್ಡೆಯ ಸುತ್ತಲೇ ಕೆಂಪು ಹೆಚ್ಚಿದ್ದರೆ ಕಣ್ಣೊಳಗಿನ ಉರಿಯೂತ. ಪಾಪೆ ಅರ್ಧ ಹಿಗ್ಗಿ ಅಲುಗದೆ, ಕಣ್ಣುಗುಡ್ಡೆ ರೆಪ್ಪೆಯ ಮೇಲಿಂದ ಕಲ್ಲಿನಂತೆ ಗಟ್ಟಿಯಾಗಿ, ದೀಪದ ಸುತ್ತ ಬಣ್ಣದ ಬಳೆ ಕಂಡು, ವಾಂತಿಯಾಗುತ್ತಿದ್ದರೆ ಒತ್ತಡ ಏರಿದ ಗ್ಲಾಕೋಮಾ. ತಲೆನೋವು, ವಾಂತಿ ಕೇಳಿ ಪಿತ್ತವೆಂದು ಸಲೈನ್ ಹಚ್ಚಿದ ಅಜ್ಜಿಯ ಕಣ್ಣು ಹೀಗೆ ಒಂದೆರಡು ದಿನದಲ್ಲಿ ಹೋಗಿಬಿಡಬಹುದು.

ಈ ಸೀಮೆಯ ಕಣ್ಣನ್ನು ಕಾಡುವ ದೊಡ್ಡ ಶತ್ರು ಕರಿಗುಡ್ಡೆಯ ಹುಣ್ಣು. ತೊಗರಿ ಕೊಯ್ಯುವಾಗ, ರಾಶಿ ಮಾಡುವಾಗ, ಹತ್ತಿ ಬಿಡಿಸುವಾಗ, ಭತ್ತದ ಹೊಟ್ಟು ಹಾರಿದಾಗ ಕಣ್ಣಿಗೆ ಕಡ್ಡಿಯೋ ರವೆಯೋ ತಾಗುತ್ತದೆ. ಗೀರು ಕಣ್ಣಿಗೆ ಕಾಣದಷ್ಟು ಸಣ್ಣದು. ಅದರ ಮೂಲಕ ಒಳಹೊಕ್ಕ ಬೂಷ್ಟು ವಾರದಲ್ಲಿ ಬಿಳಿ ಮಚ್ಚೆಯಾಗುತ್ತದೆ. ದಕ್ಷಿಣ ಭಾರತದ ಅಧ್ಯಯನಗಳಲ್ಲಿ ಸೋಂಕಿನ ಹುಣ್ಣುಗಳಲ್ಲಿ ಅರ್ಧದಷ್ಟು ಫ್ಯುಸೇರಿಯಂ, ಆಸ್ಪರ್ಜಿಲಸ್‌ನಂಥ ಬೂಷ್ಟಿನವೇ. ಇದಕ್ಕೆ ಬೇಕಾದ್ದು ನಾಟಾಮೈಸಿನ್ ಹನಿ. ಆದರೆ ಮೆಡಿಕಲ್ ಅಂಗಡಿಯಲ್ಲಿ "ಕಣ್ಣು ಕೆಂಪಾಗ್ಯದ" ಎಂದು ಕೇಳಿದವರಿಗೆ ಸ್ಟೀರಾಯ್ಡ್ ಬೆರೆತ ಹನಿ ಸಿಗುತ್ತದೆ. ಮೊದಲ ದಿನ ಕೆಂಪು ಇಳಿಯುತ್ತದೆ, ಒಳಗೆ ಬೂಷ್ಟು ಹಬ್ಬುತ್ತದೆ. ನಾಲಿಗೆಯಿಂದ ಕಸ ತೆಗೆಸುವುದು, ಹರಳೆಣ್ಣೆ, ಎದೆಹಾಲು ಬಿಡುವುದು ಸೋಂಕಿಗೆ ಇನ್ನಷ್ಟು ದಾರಿ. ಫ್ಲೋರೆಸೀನ್ ಕಾಗದವನ್ನು ಕಣ್ಣಂಚಿಗೆ ತಾಗಿಸಿ ನೀಲಿ ಬೆಳಕು ಬಿಟ್ಟರೆ ಗೀರು ಹಸಿರಾಗಿ ಹೊಳೆಯುತ್ತದೆ. ಆ ಕಾಗದದ ಬೆಲೆ ಅಲ್ಪ. ಪ್ರತಿ ಆರೋಗ್ಯ ಕೇಂದ್ರದಲ್ಲಿ ಅದು ಇರಲೇಬೇಕೆಂದು ಒತ್ತಿ ಹೇಳಬೇಕು. ನೇಪಾಳದ ಭಕ್ತಪುರದಲ್ಲಿ ಹಳ್ಳಿಯ ಕಾರ್ಯಕರ್ತರು ಗೀರು ಬಿದ್ದವರಿಗೆ ಮೂರು ದಿನ ಕ್ಲೋರಾಂಫೆನಿಕಾಲ್ ಮುಲಾಮು ಹಾಕಿದಾಗ, 18 ಗಂಟೆಯೊಳಗೆ ಬಂದವರಲ್ಲಿ ಯಾರಿಗೂ ಹುಣ್ಣಾಗಲಿಲ್ಲ ಎಂಬ ವರದಿ 2001ರಲ್ಲಿ ಬಂತು. ನೇಪಾಳದಲ್ಲಿಯೇ ಮುಂದೆ ನಡೆದ ದೊಡ್ಡ ಪ್ರಯೋಗದಲ್ಲಿ ಊರಿನ ಮಟ್ಟದಲ್ಲಿ ಅಷ್ಟು ಲಾಭ ಕಾಣಲಿಲ್ಲ. ಆದರೂ ಗೀರು ಬಿದ್ದ ದಿನವೇ ಆಶಾ ಕಾರ್ಯಕರ್ತೆಯ ಮುಂದೆ ಬಂದು ಕೂರುವ ರೂಢಿ ಬೆಳೆಯುವುದು ಒಳ್ಳೆಯದೇ.

ಸುಣ್ಣ, ಕ್ರಿಮಿನಾಶಕ, ಸಿಮೆಂಟು ಕಣ್ಣಿಗೆ ಬಿದ್ದರೆ ನಿರ್ಣಯಕ್ಕೂ ಮೊದಲು ನೀರು. ಕನಿಷ್ಠ ಅರ್ಧ ಗಂಟೆ, ರೆಪ್ಪೆ ಮಗುಚಿ, ಧಾರಾಳವಾಗಿ ತೊಳೆಯಬೇಕು. ಅಪ್ಪನ ಸುಣ್ಣದ ಪಾಕೀಟು ಹಿಚುಕಿ ಆಡುವ ಮಕ್ಕಳ ಕಣ್ಣು ಸುಡುವುದು ದೇಶದ ಎಲ್ಲ ಕಡೆಯ ಕಣ್ಣಿನ ಆಸ್ಪತ್ರೆಗಳು ಕಂಡಿರುವ ಸಂಗತಿ. ಆಮ್ಲಕ್ಕಿಂತ ಸುಣ್ಣ ಆಳಕ್ಕೆ ಇಳಿಯುತ್ತದೆ.

ನಿಧಾನವಾಗಿ ಮಂಜಾಗುವ ಮುದಿಗಣ್ಣಿನಲ್ಲಿ ಪೊರೆಯೇ ಹೆಚ್ಚು. ಇಲ್ಲಿ ಮೋತಿಬಿಂದು ಎಂದರೂ ತಿಳಿಯುತ್ತದೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಊರೂರಿಗೆ ಶಿಬಿರ ಒಯ್ದು ಲಕ್ಷಾಂತರ ಜನರ ಪೊರೆ ತೆಗೆದದ್ದರಿಂದ ಉತ್ತರ ಕರ್ನಾಟಕಕ್ಕೆ ಈ ಶಸ್ತ್ರಚಿಕಿತ್ಸೆಯ ಭಯ ಹೋಗಿ ಬಹಳ ಕಾಲವಾಯಿತು. ಬಿಸಿಲು, ದೂಳಿನಲ್ಲಿ ದುಡಿದವರ ಮೂಗಿನ ಬದಿಯಿಂದ ಕರಿಗುಡ್ಡೆಯತ್ತ ಹಬ್ಬುವ ದುರ್ಮಾಂಸ ಪೊರೆಯಲ್ಲ. ಪಾಪೆಯ ಕಡೆ ಬರುವವರೆಗೆ ಕಾಯಬಹುದು. ಸಕ್ಕರೆ ಕಾಯಿಲೆಯವರು ದೃಷ್ಟಿ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಅಕ್ಷಿಪಟಲ ತೋರಿಸಬೇಕು. ಟ್ರಕೋಮಾವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಭಾರತ ನೀಗಿಸಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಒಪ್ಪಿತು. ಅದರ ಹಳೆಯ ಕಲೆಯಿಂದ ರೆಪ್ಪೆಗೂದಲು ಒಳಮಗುಚಿ ಕಣ್ಣು ಉಜ್ಜುವ ಹಿರಿಯರು ಇನ್ನೂ ಇರಬಹುದು. ಕತ್ತಲಾದ ಮೇಲೆ ಎಡವುವ ಮಗುವಿನ ಬಿಳಿಗುಡ್ಡೆಯ ಮೇಲೆ ನೊರೆಯಂಥ ಮಚ್ಚೆ ಕಂಡರೆ ಇರುಳುಗಣ್ಣು. ಅದೇ ದಿನ ಎ ಜೀವಸತ್ವದ ದೊಡ್ಡ ಪ್ರಮಾಣ ಕೊಡಬೇಕು.

ನಲವತ್ತರ ಮೇಲಿನ ಎಲ್ಲರಿಗೂ ಬರುವ ಹತ್ತಿರದ ದೃಷ್ಟಿಯ ಕೊರತೆಯನ್ನು ಹೆಂಗಸರು ಹೇಳುವುದೇ ಇಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸಲು, ತಾಂಡಾದಲ್ಲಿ ಕಸೂತಿಗೆ ಸೂಜಿ ಪೋಣಿಸಲು ಮಗಳನ್ನು ಕರೆಯುತ್ತಾರೆ, ಅಷ್ಟೆ. ರಾಜ್ಯದ ಆಶಾಕಿರಣ ಯೋಜನೆ ಮನೆಮನೆ ತಪಾಸಣೆ ಮತ್ತು ಉಚಿತ ಕನ್ನಡಕದ ದಾರಿ ಹಿಡಿದದ್ದು ಇಂಥವರಿಗಾಗಿಯೂ. ಆದರೆ ತಪಾಸಣೆಯ ವಾರ ಗುಳೆಯ ತಿಂಗಳಲ್ಲಿ ಬಿದ್ದರೆ ಬಾಗಿಲಿಗೆ ಬೀಗ. ಮೈಲಾಪುರದ ಸಂಕ್ರಾಂತಿ ಜಾತ್ರೆಗೆ, ತಿಂಥಣಿ ಮೌನೇಶ್ವರನ ಜಾತ್ರೆಗೆ, ಮೊಹರಮ್ಮಿಗೆ ಎಲ್ಲಿದ್ದವರೂ ಊರಿಗೆ ಬರುತ್ತಾರೆ. ಚಾರ್ಟು, ಟಾರ್ಚು, ಆಟೋಸ್ಕೋಪು ಹಿಡಿದು ಹಳ್ಳಿಗೆ ಹೋಗಬೇಕಾದ್ದು ಆ ವಾರಗಳಲ್ಲಿ. ಹೊರಗೆ ದುಡಿಯಲು ಹೋಗುವವರ ಕೈಗೆ ದೃಷ್ಟಿಯ ಅಳತೆ, ಕಿವಿಯ ಸ್ಥಿತಿ, ನಡೆಯುತ್ತಿರುವ ಔಷಧಿಯ ಹೆಸರು ಬರೆದ ಚೀಟಿಯನ್ನೂ ಆಗಲೇ ಕೊಡಬೇಕು. ಆಗ ಪುಣೆಯ ಯಾವುದೋ ಆಸ್ಪತ್ರೆಯಲ್ಲಿ ಬೇರೆ ಭಾಷೆಯ ವೈದ್ಯರು ಮತ್ತೆ ಮೊದಲಿನಿಂದ ಶುರುಮಾಡಬೇಕಾಗುವುದಿಲ್ಲ.